ಉಡಿಯೊಳಗಿನ ಮೀಸೆ ಗೋಧಿ

ನನ್ನ ಕೈ ಬಗ್ಗೆ ನನಗೆ ಸೊಕ್ಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯುವುದು ಬೇಡ. ಮುಖ ಸಾಧಾರಣ, ಓದು ಏಳನೇ ಇಯತ್ತೆಗೆ ನಿಂತಿತು, ಅಡಿಗೆ ನನ್ನ ಗಂಡನ ಪ್ರಕಾರ ಹೊಟ್ಟೆ ತುಂಬುವುದಕ್ಕೆ ಅಡ್ಡಿಯಿಲ್ಲ ಎನ್ನುವಷ್ಟು. ಆದರೆ ಹೂವಿನೊಳಗಿನ ಗಂಡು ಕೇಸರವನ್ನು ಕಿತ್ತು ಹೆಣ್ಣಿಗೆ ಒಂದು ಗೀರೂ ಬೀಳದಂತೆ ಉಳಿಸುವ ಕೆಲಸದಲ್ಲಿ ಹಲಗೇರಿಯಿಂದ ಕುಪ್ಪೇಲೂರಿನವರೆಗೆ ನನ್ನ ಸಮ ಯಾರಿದ್ದಾರೆ, ಕೇಳಿ ನೋಡಿ. ಇದ್ದಾರೆ ಎಂದು ಯಾರಾದರೂ ಹೇಳಿದರೆ ಅವರ ಹೆಸರು ನನಗೂ ತಿಳಿಸಿ, ಹೋಗಿ ಮಾತಾಡಿಸಿಕೊಂಡು ಬರುತ್ತೇನೆ.

ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ. ಅಲ್ಲಿ ಹೆಣ್ಣುಮಕ್ಕಳ ಕೈ ಮೊದಲು ಕಲಿಯುವುದು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವುದನ್ನು. ಕೆಂಪು ರಾಶಿಯ ಮುಂದೆ ಅವ್ವನ ಜೊತೆ ಕುಳಿತರೆ ಘಾಟಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ಅವ್ವ ಹೇಳುತ್ತಿದ್ದಳು, "ಕಣ್ಣ ಮುಚ್ಚಕೊಂಡ ಮುರಿ. ತೊಟ್ಟು ಎಲ್ಲಿ ಐತಿ ಅನ್ನೂದು ಬಳ್ಳಿಗೆ ಗೊತ್ತಾಗತೈತಿ." ಬಳ್ಳು ಎಂದರೆ ನಮ್ಮಲ್ಲಿ ಬೆರಳು. ಹಾಗೆ ಕಣ್ಣು ಮುಚ್ಚಿ ತೊಟ್ಟು ಮುರಿಯುವುದು ನನಗೆ ಉಸಿರಾಟದಷ್ಟು ರೂಢಿಯಾಯಿತು. ಅದು ಮುಂದೆ ಯಾವ ಕೆಲಸಕ್ಕೆ ಬಂತು ಎಂಬುದನ್ನೇ ಹೇಳಲು ಹೊರಟಿದ್ದೇನೆ.

ಮದುವೆಯಾಗಿ ಬಂದದ್ದು ರಾಣೆಬೆನ್ನೂರಿನ ಪಕ್ಕದ ಹಲಗೇರಿಗೆ. ಈ ಕಡೆ ಬೀಜದ ಹೊಲಗಳು ಬಹಳ. ಹತ್ತಿ, ಟೊಮ್ಯಾಟೊ, ಬದನೆ, ಮೆಣಸಿನಕಾಯಿ. ಅಂಗಡಿಯಲ್ಲಿ ಬಣ್ಣದ ಪೊಟ್ಟಣದಲ್ಲಿ ಹೈಬ್ರಿಡ್ ಬೀಜ ಸಿಗುತ್ತದಲ್ಲ, ಅದು ಯಾವುದೋ ಯಂತ್ರದಿಂದ ಉದುರಿ ಬಂದದ್ದು ಎಂದು ಪೇಟೆಯವರು ತಿಳಿದಿದ್ದಾರೆ. ಅಲ್ಲ. ಮಧ್ಯಾಹ್ನದ ಮೇಲೆ ನಾವು ಹೆಂಗಸರು ಸಾಲಿನಲ್ಲಿ ನಿಂತು, ನಾಳೆ ಅರಳಲಿರುವ ಮೊಗ್ಗನ್ನು ಬಿಡಿಸಿ, ಅದರ ಗಂಡು ಕೇಸರವನ್ನೆಲ್ಲ ತೆಗೆದು, ಗುರುತಿಗೆ ಒಂದು ದಾರ ಕಟ್ಟಿ ಬರುತ್ತೇವೆ. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ತಂದು ಸವರುತ್ತೇವೆ. ಇದಕ್ಕೆ ನಾವು ಕ್ರಾಸಿಂಗ್ ಎನ್ನುತ್ತೇವೆ.

ಕೈತಪ್ಪಿ ಬಿಟ್ಟುಹೋದ ಮೊಗ್ಗು ತನ್ನ ಪರಾಗದಿಂದಲೇ ಕಾಯಿ ಕಟ್ಟಿದರೆ ಅದು ಕಳ್ಳಕಾಯಿ. ಅದರ ಬೀಜ ಒಂದು ಚೀಲಕ್ಕೆ ಸೇರಿದರೆ ಆ ಚೀಲದ ಮರ್ಯಾದೆ ಹೋಯಿತು. ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಯಾರ ಸಾಲಿನಲ್ಲಿ ಕಳ್ಳಕಾಯಿ ಸಿಕ್ಕಿತೋ ಅವಳೇ ಎಲ್ಲರೆದುರು ಅದನ್ನು ಕಿತ್ತು, ಸೀರೆಯ ಉಡಿಯಲ್ಲಿ ಹಾಕಿಕೊಂಡು, ಹೊತ್ತು ಮುಳುಗುವವರೆಗೆ ಹಾಗೆಯೇ ಕೆಲಸ ಮಾಡಬೇಕು. ಯಾರೂ ಬೈಯುವುದಿಲ್ಲ. ಬೈದರೇ ವಾಸಿ. ಬಗ್ಗಿದಾಗಲೆಲ್ಲ ಅದು ಹೊಟ್ಟೆಗೆ ಒತ್ತುತ್ತದೆ. ಹಬ್ಬಕ್ಕೆ ಅಕ್ಕಿ, ಕೊಬ್ಬರಿ ತುಂಬಿಸಿಕೊಳ್ಳುವ ಉಡಿಯಲ್ಲಿ ನಮ್ಮದೇ ತಪ್ಪನ್ನು ಹೊತ್ತು ತಿರುಗುವುದೆಂದರೆ ಸಣ್ಣ ಮಾತಲ್ಲ. ನಾನು ಗುಂಪಿನ ಮುಂದಾಳಾದ ಮೇಲೆ ಬೇರೆಯವರ ಉಡಿ ಎಷ್ಟೋ ಸಲ ತುಂಬಿತು. ನನ್ನದು ಒಮ್ಮೆಯೂ ತುಂಬಲಿಲ್ಲ. ಇದನ್ನು ದಿನಕ್ಕೆರಡು ಸಲ ಎಲ್ಲರಿಗೂ ನೆನಪಿಸುತ್ತಿದ್ದೆ, ಸುಳ್ಳೇಕೆ ಹೇಳಲಿ.

ಮೂರು ಚಳಿಗಾಲದ ಹಿಂದೆ ರಾಣೆಬೆನ್ನೂರಿನ ಹೊರಗಿರುವ ಒಂದು ಪ್ರಯೋಗದ ಹೊಲಕ್ಕೆ ನಮ್ಮನ್ನು ಕರೆದರು. ಹೋದವರು ಆರು ಜನ. ನನ್ನ ಬಲಗೈಯಂತಿದ್ದವಳು ಗುತ್ತಲದ ಕಡೆಯ ಗೆಳತಿ. ಮನೆಯಲ್ಲಿ ಉರ್ದು, ಹೊಲದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿಸಿ ಮಾತಾಡುವವಳು. ಹೊಲ ನೋಡಿಕೊಳ್ಳುವ ಸಾಹೇಬರು ಮೈಸೂರಿನ ಕಡೆಯವರು, ತಳಿ ಶಾಸ್ತ್ರ ಓದಿದವರು. ಅವರ ಮಾತು ಎಷ್ಟು ಮೆದು ಎಂದರೆ ಬೈದರೂ ಚಹಾಕ್ಕೆ ಕರೆದಂತೆ ಕೇಳುತ್ತಿತ್ತು.

"ಅಮ್ಮಾ, ಗೋಧೀಲಿ ಕ್ರಾಸಿಂಗ್ ಮಾಡಿದ್ದೀರಾ?" ಎಂದು ಕೇಳಿದರು.

"ಗೋದಿಗೆ ಹೂವ ಎಲ್ಲಿರತಾವ್ರಿ ಸಾಹೇಬ್ರ?" ಎಂದು ನನ್ನ ಗೆಳತಿ ನಕ್ಕಳು.

ಅವರು ಒಂದು ಹಸಿರು ತೆನೆ ಕಿತ್ತು, ಸಿಪ್ಪೆಯೊಂದನ್ನು ಚಿಮಟದಿಂದ ಅಗಲಿಸಿ ತೋರಿಸಿದರು. ಒಳಗೆ ಎಳ್ಳಿಗಿಂತ ಸಣ್ಣ ಮೂರು ಕೇಸರ, ನಡುವೆ ಬಿಳಿ ಪುಕ್ಕದಂಥ ಹೆಣ್ಣಿನ ಭಾಗ. ಅದೇ ಗೋಧಿಯ ಹೂವು. ಮುಚ್ಚಿದ ಬಾಗಿಲ ಹಿಂದೆಯೇ ಎಲ್ಲ ಮುಗಿಸಿಕೊಳ್ಳುವ ಬೆಳೆ. ಅದಕ್ಕೇ ಗೋಧಿಯಲ್ಲಿ ಹೈಬ್ರಿಡ್ ಕಷ್ಟ ಎಂದರು. ಟೊಮ್ಯಾಟೊದ ಒಂದು ಹೂವಿಗೆ ದುಡಿದರೆ ಹಣ್ಣಿನ ತುಂಬ ಬೀಜ ಸಿಗುತ್ತದೆ. ಗೋಧಿಯ ಒಂದು ಹೂವಿಗೆ ಒಂದೇ ಕಾಳು. ರೈತ ಬಿತ್ತುವುದೋ ಚೀಲಗಟ್ಟಲೆ. ಕೈಯಿಂದ ಮಾಡಿ ಯಾರಿಗೆ ಪೂರೈಸುವುದು?

"ಹಂಗಾರ ನಮ್ಮನ್ನ ಯಾಕ ಕರಿಸೀರಿ?" ಎಂದೆ.

ಅದಕ್ಕೆ ಅವರು ನಿಧಾನವಾಗಿ ಹೇಳಿದ್ದು ಇಷ್ಟು. ತನ್ನದೇ ಪರಾಗ ಕಟ್ಟದ ಒಂದು ತಾಯಿ ಗೋಧಿಯನ್ನು ಪಟ್ಟಿ ಪಟ್ಟಿಯಾಗಿ ಬಿತ್ತುತ್ತಾರೆ. ಪಕ್ಕದ ಪಟ್ಟಿಯಲ್ಲಿ ತಂದೆ ಗೋಧಿ. ಗಾಳಿಯೇ ಪರಾಗ ಹೊತ್ತು ಕೆಲಸ ಮುಗಿಸಬೇಕು. ಆದರೆ ಗೋಧಿಯ ಪರಾಗಕ್ಕೆ ಆಯುಷ್ಯ ಕಡಿಮೆ, ದೂರ ಹಾರುವುದೂ ಇಲ್ಲ. ಹೀಗಾಗಿ ತಂದೆ ಎತ್ತರ ಇರಬೇಕು, ಕೇಸರವನ್ನು ಹೊರಗೆ ಚಾಚಿ ಪರಾಗವನ್ನು ಧಾರಾಳವಾಗಿ ಚೆಲ್ಲಬೇಕು, ನಮ್ಮ ಬಿಸಿಲನ್ನೂ ತಡೆಯಬೇಕು. ಬೇರೆ ಕಡೆಯಿಂದ ತಂದ ಒಂದು ತಳಿಗೆ ಧಾರಾಳತನ ಇದೆ, ಬಿಸಿಲು ಆಗದು. ನಮ್ಮ ಕಡೆಯ ಗೋಧಿಗೆ ಬಿಸಿಲು ಆಗುತ್ತದೆ, ಸ್ವಭಾವ ಮಾತ್ರ ಮುಚ್ಚುಮರೆಯದು. ಎರಡನ್ನೂ ಕೂಡಿಸಿ ಅಂಥ ಹೊಸ ತಂದೆಯನ್ನು ಹುಟ್ಟಿಸಬೇಕು, ಆ ಕೂಡಿಸುವ ಕೆಲಸ ಮಾತ್ರ ಕೈಯಿಂದಲೇ ಆಗಬೇಕು.

"ಅಂದ್ರ ಕೈ ಬ್ಯಾಡಾಗುವಂಥಾ ಗೋದಿ ಮಾಡಾಕ ನಮ್ಮ ಕೈ ಬೇಕಾತು," ಎಂದೆ. ಸಾಹೇಬರು ಕೆಂಪಗಾದರು. ಅವರನ್ನು ಅಣಕಿಸಲು ಹೇಳಿದ್ದಾದರೂ, ಒಳಗೆ ನನಗೆ ಸಂತೋಷವೇ ಆಗಿತ್ತು. ಗಾಳಿಗೆ ದಾರಿ ತೋರಿಸುವ ಕೆಲಸಕ್ಕೆ ಕರೆದರಲ್ಲ!

ಮನೆಯಲ್ಲಿ ಗಂಡನಿಗೆ ಹೇಳಿದರೆ ಅವನು ನಕ್ಕುಬಿಟ್ಟ. "ನಮ್ಮ ಗೋದಿ ಬೀಜ ನಮ್ಮ ಡಬರ್ಯಾಗ ಬೇವಿನ ಎಲಿ ಕೆಳಗ ಮಕ್ಕೊಂಡಾವು. ವರ್ಷಾ ವರ್ಷಾ ಕೊಂಡು ಬಿತ್ತಂದ್ರ ಯಾರು ಬಿತ್ತತಾರ?" ಎಂದ. ಡಬರಿ ಎಂದರೆ ನಾವು ಬೀಜ ಕೂಡಿಡುವ ದೊಡ್ಡ ಪಾತ್ರೆ. ಮರುದಿನ ಇದನ್ನೇ ಸಾಹೇಬರಿಗೆ ಒಪ್ಪಿಸಿದೆ. ಅವರು ಸಿಟ್ಟಾಗಲಿಲ್ಲ. "ನಿಮ್ಮ ಯಜಮಾನರು ಕೇಳ್ತಿರೋದೇ ಸರಿಯಾದ ಪ್ರಶ್ನೆ. ಅವರ ಡಬರಿಯ ಬೀಜಕ್ಕಿಂತ ಕಣ್ಣಿಗೆ ಕಾಣೋ ಹಾಗೆ ಹೆಚ್ಚು ಬೆಳೆ ಬಂದ್ರೆ ಮಾತ್ರ ಕೊಳ್ತಾರೆ. ಎಷ್ಟೋ ಜನ ಪ್ರಯತ್ನ ಮಾಡಿ ಕೈಬಿಟ್ಟಿದ್ದಾರೆ. ನಾವು ಗೆಲ್ತೀವಿ ಅಂತ ನಾನೇನೂ ಹೇಳಲ್ಲ," ಎಂದರು. ಸುಳ್ಳು ಆಸೆ ಹುಟ್ಟಿಸದ ಮನುಷ್ಯ ಎಂದು ಅಂದಿನಿಂದ ಅವರ ಮೇಲೆ ಗೌರವ ಬಂತು.

ಕೆಲಸ ಬೇಗ ಕಲಿತೆವು. ಇಲ್ಲಿ ನಮ್ಮ ಕಡೆಯ ಗೋಧಿ ತಾಯಿ, ಹೊರಗಿನಿಂದ ತಂದದ್ದು ತಂದೆ. ತಾಯಿ ತೆನೆಯ ತುದಿ, ಬುಡದ ಸೊರಗಿದ ಹೂಗಳನ್ನು ತೆಗೆದುಹಾಕಬೇಕು. ಉಳಿದ ಒಂದೊಂದು ಹೂವಿನ ಮೂರೂ ಕೇಸರಗಳನ್ನು ಹಸಿರಿರುವಾಗಲೇ ಚಿಮಟದಿಂದ ಎತ್ತಬೇಕು. ಹಳದಿಗೆ ತಿರುಗಿದರೆ ಮುಗಿಯಿತು, ಅದು ಆಗಲೇ ಪರಾಗ ಚೆಲ್ಲಿಕೊಂಡಿರುತ್ತದೆ. ಆಮೇಲೆ ತೆನೆಗೆ ಕಾಗದದ ಚೀಲ ತೊಡಿಸಿ, ಮೂರನೇ ದಿನ ಬಿಸಿಲೇರಿದ ಮೇಲೆ ತಂದೆ ತಳಿಯ ತೆನೆಯನ್ನು ಆ ಚೀಲದೊಳಗೆ ತೂರಿಸಿ ಗಿರಗಿರ ತಿರುಗಿಸಬೇಕು. ಸಾಹೇಬರು ಚೀಟಿ ಅಂಟಿಸಿದರೂ ನಾವು ರೂಢಿ ಬಿಡದೆ ತೆನೆಗೊಂದು ದಾರ ಕಟ್ಟಿದೆವು. ನನ್ನದು ಕೆಂಪು.

ಕಾಳು ಬಲಿತ ಮೇಲೆ ಚೀಲ ಬಿಚ್ಚಿದ ದಿನ ನಾನು ಮಾಡಿದ ದಡ್ಡತನ ಕೇಳಿ. ಎಲ್ಲರ ತೆನೆಗಳೂ ಹಲ್ಲುದುರಿದ ಮುದುಕಿಯ ಬಾಯಿಯಂತಿದ್ದವು. ಇಲ್ಲೊಂದು ಕಾಳು, ಅಲ್ಲೊಂದು ಕಾಳು. ನನ್ನ ಕೆಂಪು ದಾರದ ಒಂದು ತೆನೆ ಮಾತ್ರ ಪೂರ್ತಿ ತುಂಬಿತ್ತು. ಬಿಟ್ಟಿದ್ದು ಇಪ್ಪತ್ತೆಂಟು ಹೂವು, ಕಟ್ಟಿದ್ದು ಇಪ್ಪತ್ತೆಂಟು ಕಾಳು. ಹತ್ತಿ, ಟೊಮ್ಯಾಟೊದಲ್ಲಿ ಬೆಳೆದ ನಮಗೆ ತುಂಬಿದ್ದೇ ಗೆದ್ದಿದ್ದು. ನಾನು ಆ ತೆನೆಯನ್ನು ಎತ್ತಿ ಹಿಡಿದು ಹೊಲದ ಈ ತುದಿಯಿಂದ ಆ ತುದಿಗೆ ಮೆರವಣಿಗೆ ಹೊರಟೆ. "ನೋಡ್ರೆ, ಕಣ್ಣ ತಕ್ಕೊಂಡ ನೋಡ್ರಿ! ಕ್ರಾಸಿಂಗ್ ಅಂದ್ರ ಇದು," ಎಂದು ಒಬ್ಬೊಬ್ಬಳ ಮೂಗಿನ ಮುಂದೂ ಆಡಿಸಿದೆ. ಕೊನೆಗೆ ಸಾಹೇಬರ ಕೈಗೆ ಕೊಟ್ಟೆ.

ಅವರು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮುಖದಲ್ಲಿ ನಗು ಬರಲಿಲ್ಲ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಗೋಧೀಲಿ ಕೈಯಿಂದ ಮಾಡಿದ್ರೆ ಅರ್ಧ ತೆನೆ ಕಟ್ಟಿದ್ರೂ ನಮಗೆ ಖುಷಿ. ಪೂರ್ತಿ ತುಂಬಿದ್ರೆ ಭಯ. ಕೇಸರ ಒಳಗೇ ಉಳಿದಿರಬಹುದು. ಇದನ್ನ ಲೆಕ್ಕಕ್ಕೆ ತಗೊಳ್ಳೋದು ಬೇಡ ಅನ್ಸುತ್ತೆ."

ಕಳ್ಳಕಾಯಿ. ಆ ಶಬ್ದವನ್ನು ಅವರು ಆಡಲಿಲ್ಲ, ಅವರಿಗೆ ಅದು ಗೊತ್ತೂ ಇರಲಿಲ್ಲ. ಆದರೆ ನನ್ನ ಹಿಂದೆ ನಿಂತಿದ್ದ ಐವರಿಗೂ ಕೇಳಿಸಿತು. ನನಗೆ ಮೈಯೆಲ್ಲ ಉರಿಯಿತು.

"ಒಗೀಬ್ಯಾಡ್ರಿ," ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಬ್ಯಾರೆ ಸಾಲಿನ್ಯಾಗ ಬಿತ್ತರಿ. ಕಳ್ಳಂದೋ ಖರೇದೋ ಅದ ಹೇಳಲಿ."

ಅದಕ್ಕೆ ದಾರಿಯಿತ್ತು. ತಾಯಿಯಾಗಿದ್ದ ನಮ್ಮ ಕಡೆಯ ಗೋಧಿಗೆ ಉದ್ದ ಮುಳ್ಳುಮುಳ್ಳಿನ ಮೀಸೆ ಇದೆ. ತಂದೆ ತಳಿ ಬೋಳು. ಕ್ರಾಸಿಂಗ್ ನಿಜವಾಗಿದ್ದರೆ ಹುಟ್ಟುವ ಗಿಡದ ತೆನೆ ತಂದೆಯಂತೆ ಬೋಳಾಗಿಯೇ ಬರುತ್ತದೆ, ಹೆಚ್ಚೆಂದರೆ ತುದಿಯಲ್ಲಿ ಒಂದಿಷ್ಟು ಕುಡಿಮೀಸೆ. ಮೋಸವಾಗಿದ್ದರೆ ತಾಯಿಯಂತೆ ಉದ್ದ ಮೀಸೆ ಬಿಟ್ಟುಕೊಂಡು ನಿಲ್ಲುತ್ತದೆ. ಆದರೆ ಅದನ್ನು ನೋಡಲು ಮುಂದಿನ ಚಳಿಗಾಲದವರೆಗೆ ಕಾಯಬೇಕು. ಸಾಹೇಬರು ಒಪ್ಪಿ, ಇಪ್ಪತ್ತೆಂಟು ಕಾಳುಗಳನ್ನು ಬೇರೆ ಲಕೋಟೆಗೆ ಹಾಕಿದರು.

ಈಗ ಯಾರಿಗೂ ಹೇಳದ ಮಾತು. ನಾನು ಅಷ್ಟು ಜೋರಾಗಿ ಕೂಗಿದ್ದು ಧೈರ್ಯದಿಂದಲ್ಲ, ಭಯದಿಂದ. ಆ ತೆನೆಯ ಕೇಸರ ತೆಗೆದ ಮಧ್ಯಾಹ್ನ ನನಗೆ ಏನೂ ಕಂಡಿರಲಿಲ್ಲ. ಒಂದು ವರ್ಷದಿಂದ ಕಣ್ಣು ಮಂಜಾಗುತ್ತಿತ್ತು. ಹತ್ತಿಯ ಹೂವು ದೊಡ್ಡದು, ನಡೆಯುತ್ತಿತ್ತು. ಗೋಧಿಯಲ್ಲಿ ಬಿಸಿಲಿದ್ದರೆ ಹೇಗೋ ಆಗುತ್ತಿತ್ತು. ಅಂದು ಮೋಡ ಕವಿದಿತ್ತು. ಕಾಣುವುದಿಲ್ಲ ಎಂದರೆ ಮುಂದಾಳುತನ ಹೋಗುತ್ತದೆ, ಚಿಮಟ ಬೇರೆಯವಳ ಕೈಗೆ ಹೋಗುತ್ತದೆ. ಹಾಗಾಗಿ ತಲೆ ಬಗ್ಗಿಸಿ ನೋಡುವ ನಾಟಕ ಮಾಡುತ್ತ, ಬೆರಳಿನಿಂದಲೇ ಮಾಡಿದೆ. ಸಿಪ್ಪೆಯ ಬೆನ್ನನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿದರೆ ಬಾಯಿ ಬಿಡುತ್ತದೆ. ಚಿಮಟಕ್ಕೆ ಕೇಸರ ಸಿಕ್ಕರೆ ಕೂದಲೆಳೆಯಷ್ಟು ಜಗ್ಗಿ, ಆಮೇಲೆ ಬಿಡುತ್ತದೆ. ಒಂದು, ಎರಡು, ಮೂರು ಎಂದು ಆ ಜಗ್ಗುವಿಕೆಯನ್ನೇ ಎಣಿಸಿದೆ. ಮೂರು ಸಲ ಜಗ್ಗಿದ್ದು ಖರೆಯೋ, ನನ್ನ ಮನಸ್ಸಿನ ಆಟವೋ? ದೇವರೇ ಬಲ್ಲ.

ಆ ವರ್ಷ ಹೇಗೆ ಕಳೆಯಿತು ಎಂದು ಕೇಳಬೇಡಿ. ಮಳೆಗಾಲದಲ್ಲಿ ಹತ್ತಿಯ ಹೊಲಕ್ಕೆ ಹೋದೆ, ಎಲ್ಲರಿಗೂ ಕಿರಿಕಿರಿ ಮಾಡಿದೆ. ಅಕ್ಕಿಯಲ್ಲಿ ಹರಳು ಸಿಕ್ಕಿತೆಂದು ಗಂಡ ಅಂದರೆ ಅಂಗಡಿಯವನನ್ನು ಬೈದೆ. ಸೂಜಿಗೆ ದಾರ ಪೋಣಿಸಲು ಯಾರೂ ಇಲ್ಲದ ಹೊತ್ತು ನೋಡಿ ಕೂಡುತ್ತಿದ್ದೆ. ಹಾವೇರಿಗೆ ಹೋಗಿ ಕಣ್ಣು ತೋರಿಸಿಕೋ ಎಂದು ಗಂಡ ನಾಲ್ಕು ಸಲ ಹೇಳಿದ. ಕನ್ನಡಕ ಏರಿಸಿಕೊಂಡು ಹೊಲಕ್ಕಿಳಿದರೆ ಎಲ್ಲರಿಗೂ ನಾನೇ ಡಂಗುರ ಹೊಡೆದಂತೆ. ಹೋಗಲಿಲ್ಲ.

ಮುಂದಿನ ಚಳಿಗಾಲ ಬಂತು. ಇಪ್ಪತ್ತೆಂಟರಲ್ಲಿ ಎರಡು ಮೊಳೆಯಲಿಲ್ಲ. ಇಪ್ಪತ್ತಾರು ಗಿಡ, ಒಂದು ಸಾಲು, ತುದಿಗೆ ಒಂದು ಗೂಟ, ಗೂಟಕ್ಕೆ ನನ್ನ ಕೆಂಪು ದಾರ. ಸಂಕ್ರಾಂತಿ ಹತ್ತಿರ ಬಂದಾಗ ಗಿಡಗಳು ಹೊಡೆ ತುಂಬಿದವು, ಎಂದರೆ ತೆನೆ ಇನ್ನೂ ಎಲೆಯ ಮಡಿಲೊಳಗೇ ಇತ್ತು. ಮೀಸೆ ಗೋಧಿಯಲ್ಲಿ ತೆನೆಗಿಂತ ಮೊದಲು ಮೀಸೆಯೇ ಹೊರಗೆ ಬರುತ್ತದೆ. ಬೆಳಿಗ್ಗೆ ಹೊಲಕ್ಕೆ ಕಾಲಿಟ್ಟ ಕೂಡಲೇ ನನ್ನ ಗೆಳತಿ ಆ ಸಾಲಿನ ಕಡೆ ಹೋದಳು, ನಾನು ಹಿಂದೆ ಹಿಂದೆ. ಅವಳು ತಟ್ಟನೆ ನಿಂತಳು.

"ಅಕ್ಕಾ, ಇದರಾಗ ಮೀಸಿ ಇಣಿಕೇತಿ."

ನನಗೆ ಕಾಣಲಿಲ್ಲ. ಕೈ ಚಾಚಿದೆ. ಬೆರಳ ತುದಿಗೆ ಚುಚ್ಚಿತು.

ಅವಳು ನನ್ನ ಮುಖ ನೋಡಿದಳು. "ನಿನಗ ಕಾಣವಲ್ದು, ಅಲ್ಲಾ? ನಾ ಹೋದ ವರ್ಷನ ನೋಡೇನಿ, ಅಂದಿಲ್ಲ," ಎಂದಳು. ಆಮೇಲೆ ದನಿ ತಗ್ಗಿಸಿ, "ಸಾಹೇಬ ಇನ್ನೂ ಬಂದಿಲ್ಲ. ಲಗೂನ ಕಿತ್ತಿ ಒಗದಬಿಡ್ತೇನಿ. ಮೊಳಿಯದ್ದು ಎರಡ ಇದ್ವು, ಮೂರ ಅಂದ್ರಾತು. ಯಾರಿಗಿ ತಿಳೀತೈತಿ?"

ಅವಳ ಕೈ ಆಗಲೇ ಗಿಡದ ಬುಡದಲ್ಲಿತ್ತು. ಆ ಕ್ಷಣ ನನಗೆ ಆಸೆಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಎಷ್ಟು ಹುಡುಗಿಯರ ಉಡಿಯಲ್ಲಿ ನಾನೇ ಕಳ್ಳಕಾಯಿ ಹಾಕಿಸಿದ್ದೇನೆ! ಈಗ ನಮ್ಮ ಆರು ಜನರಲ್ಲೇ ಇರುವ ಒಬ್ಬಳಂತೂ ಸಂಜೆವರೆಗೆ ಅತ್ತಿದ್ದಳು, ನಾನು ತಿರುಗಿಯೂ ನೋಡಿರಲಿಲ್ಲ.

"ಬಿಡು ಅದನ್ನ. ನಂದ ಇದ್ರ ನಾನ ಕೀಳತೇನಿ. ಎಲ್ಲಾರ ಮುಂದ," ಎಂದೆ.

"ತಲಿ ಕೆಟ್ಟೈತಿ ನಿನಗ," ಎಂದು ಅವಳು ಎದ್ದಳು. ಬೈದ ಮೇಲೆ ನನ್ನ ತೋಳು ಹಿಡಿದುಕೊಂಡೇ ಸಾಲಿನ ಉದ್ದಕ್ಕೂ ನಡೆದಳು. ಉಳಿದ ಇಪ್ಪತ್ತೈದರಲ್ಲಿ ಅಂದು ಏನೂ ಇಣುಕಿರಲಿಲ್ಲ. ಇಂದು ಒಂದು ಇಣುಕಿದೆ, ನಾಳೆ ಎಲ್ಲವೂ ಇಣುಕಬಹುದು. ಮೂರು ದಿನ ನನಗೆ ಊಟ ಸೇರಲಿಲ್ಲ. ಬೆಳಿಗ್ಗೆ ಹೋಗಿ ಒಂದೊಂದು ಗಿಡದ ತುದಿಯನ್ನೂ ಬೆರಳಿನಿಂದ ಮುಟ್ಟುತ್ತಿದ್ದೆ, ಚುಚ್ಚುತ್ತದೆಯೇ ಎಂದು. ಚುಚ್ಚಲಿಲ್ಲ. ನಾಲ್ಕನೇ ಬೆಳಿಗ್ಗೆ ಮೊದಲ ತೆನೆ ಹೊರಗೆ ಬಂದಿತ್ತು. ಬುಡದಿಂದ ತುದಿಗೆ ಬೆರಳೆಳೆದೆ. ನುಣ್ಣಗಿತ್ತು. ಪಕ್ಕದ್ದು ಮುಟ್ಟಿದೆ, ಅದೂ ನುಣುಪು. ನಾನು ಸಾಲಿನ ನಡುವೆ ಕುಳಿತು ಅತ್ತುಬಿಟ್ಟೆ. ಗೆಳತಿ ಉರ್ದುವಿನಲ್ಲಿ ಏನೋ ಬೈದು, ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು.

ಎಲ್ಲ ತೆನೆಗಳೂ ಹೊರಬಿದ್ದ ದಿನ ಸಾಹೇಬರು ಪುಸ್ತಕ ಹಿಡಿದು ಬಂದರು. ಒಂದೊಂದೇ ನೋಡುತ್ತ ಹೋದರು. ಇಪ್ಪತ್ತೈದು ಬೋಳು, ಒಂದು ಮೀಸೆ. ಅವರು ಬಾಯಿ ತೆರೆಯುವ ಮೊದಲೇ ನಾನು ಮುಂದೆ ಹೋಗಿ, ಆ ಮೀಸೆ ಗಿಡವನ್ನು ಬುಡಸಮೇತ ಕಿತ್ತು, ಮಣ್ಣು ಕೊಡವಿ, ಮಡಚಿ ಉಡಿಗೆ ಹಾಕಿಕೊಂಡೆ. ಐವರು ಹೆಂಗಸರು ಕದಲದೆ ನಿಂತಿದ್ದರು. ನನ್ನ ಉಡಿಯಲ್ಲಿ ಅಂಥದ್ದೊಂದು ಬಿದ್ದದ್ದನ್ನು ಅವರು ನೋಡಿದ್ದು ಅದೇ ಮೊದಲು.

ಸಾಹೇಬರಿಗೆ ಈ ಪದ್ಧತಿ ತಿಳಿಯದು. ಅವರು ಖುಷಿಯಲ್ಲಿ ತೊದಲುತ್ತಿದ್ದರು. "ಅಮ್ಮಾ, ನಾನು ತಪ್ಪು ತಿಳ್ಕೊಂಡಿದ್ದೆ. ಕ್ಷಮಿಸಿ. ಒಂದೇ ತೆನೆಯಿಂದ ಇಪ್ಪತ್ತೈದು ನಿಜವಾದ ಗಿಡ! ನಾನು ಕಾಲೇಜಲ್ಲೂ ಇಷ್ಟು ಮಾಡ್ಲಿಲ್ಲ. ಹೇಗೆ ಮಾಡಿದ್ರಿ?"

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದು ಮನೆಗೆ ಹೋಗಬಹುದಿತ್ತು. ಉಡಿಯಲ್ಲಿದ್ದ ಗಿಡ ಚುಚ್ಚುತ್ತಿತ್ತು.

"ನನಗ ಕಣ್ಣ ಕಾಣಂಗಿಲ್ರಿ," ಎಂದೆ. "ಅವತ್ತೂ ಕಂಡಿಲ್ಲ. ಬಳ್ಳಿಲೇ ಮಾಡೇನಿ. ಈ ಒಂದು ಮೀಸಿ ನನ್ನ ಕಣ್ಣಿನ ತಪ್ಪು, ಉಳಿದ ಇಪ್ಪತ್ತೈದು ನನ್ನ ಕೈ ಕೆಲಸ. ಬ್ಯಾಡ ಅಂದ್ರ ನಾಳಿಂದ ಬರಂಗಿಲ್ಲ."

ಸಾಹೇಬರು ಪುಸ್ತಕ ಮಡಚಿದರು. ಆಮೇಲೆ ಪಕ್ಕದ ಪಟ್ಟಿಯಿಂದ ಒಂದು ಹಸಿರು ತೆನೆ ತಂದು ನನ್ನ ಕೈಗಿಟ್ಟು, "ತೋರಿಸಿ," ಎಂದರು. ನಾನು ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡೆ. ಬ್ಯಾಡಗಿಯ ಕೆಂಪು ರಾಶಿ ನೆನಪಾಯಿತು. ಹೆಬ್ಬೆರಳು ಒತ್ತಿದೆ, ಚಿಮಟ ಇಳಿಸಿದೆ, ಒಂದು, ಎರಡು, ಮೂರು. ಹತ್ತು ಹೂವು ಮುಗಿಸಿ ಕೊಟ್ಟೆ. ಅವರು ಭೂತಗನ್ನಡಿ ಹಿಡಿದು ನೋಡಿದರು. ಒಂದು ಕೇಸರವೂ ಉಳಿದಿರಲಿಲ್ಲ.

"ಕಣ್ಣಿಂದ ಮಾಡೋರು ಚಿಮಟಾನ ಒಳಗೆ ಚುಚ್ತಾರೆ, ಹೆಣ್ಣಿನ ಭಾಗಕ್ಕೆ ಪೆಟ್ಟಾಗುತ್ತೆ. ಅದಕ್ಕೇ ಅರ್ಧ ಕಾಳೂ ಕಟ್ಟಲ್ಲ ಅನ್ಸುತ್ತೆ. ನಿಮ್ಮದು ನೋಡಿ, ಪುಕ್ಕ ಅಲ್ಲಾಡೇ ಇಲ್ಲ," ಎಂದರು. "ನಾಳೆ ಬರಬೇಡಿ. ನಾಳೆ ಹಾವೇರಿಗೆ ಹೋಗಿ ಕಣ್ಣು ತೋರಿಸ್ಕೊಳ್ಳಿ. ನಾಡಿದ್ದು ಬಂದು ಇವರಿಗೆಲ್ಲ ಕಲಿಸಿ. ನನಗೂ."

ಆ ಮಾತು ಕೇಳಿ ನಾನೆಷ್ಟು ಉಬ್ಬಿದೆ ಎಂದು ಹೇಳಲು ನಾಚಿಕೆಯಾಗಬೇಕು. ಆಗುವುದಿಲ್ಲ. ಸಂಜೆವರೆಗೆ ಉಡಿಯಲ್ಲಿ ಮೀಸೆ ಗಿಡ ಇಟ್ಟುಕೊಂಡೇ ಕೆಲಸ ಮಾಡಿದೆ. ಅದು ಹೊಟ್ಟೆಗೆ ಚುಚ್ಚುತ್ತಲೇ ಇತ್ತು, ನಾನು ಎದೆಯುಬ್ಬಿಸಿ ನಡೆಯುತ್ತಲೇ ಇದ್ದೆ. ಒಮ್ಮೆ ಅತ್ತಿದ್ದಳಲ್ಲ, ಆ ಹುಡುಗಿ ಸಂಜೆ ನನ್ನ ಪಕ್ಕಕ್ಕೆ ಬಂದು, "ಚುಚ್ಚತೈತೇನಬೇ?" ಎಂದು ಕೇಳಿದಳು. "ಹೂಂ. ನಿನಗೂ ಹಿಂಗ ಆಗಿತ್ತೇನ?" ಎಂದೆ. ಇಬ್ಬರೂ ನಕ್ಕೆವು. ಅವತ್ತಿನಿಂದ ಅವಳು ನನಗೆ ಹತ್ತಿರದವಳಾದಳು.

ಹಾವೇರಿಯಲ್ಲಿ ಕನ್ನಡಕ ಹಾಕಿಸಿಕೊಂಡು ಬಂದು ಗೋಧಿಯ ಹೂವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಇಷ್ಟು ಸಣ್ಣದನ್ನೇ ನಾನು ಮೋಡದ ಮಬ್ಬಿನಲ್ಲಿ ಎತ್ತಿದ್ದು? ಎರಡು ದಿನ ಕನ್ನಡಕದಿಂದಾಗಿಯೇ ಕೆಲಸ ಕೆಟ್ಟಿತು, ಕಣ್ಣು ನೋಡುತ್ತಿದ್ದರೆ ಬೆರಳಿಗೆ ಆ ಜಗ್ಗುವುದು ತಿಳಿಯುತ್ತಿರಲಿಲ್ಲ. ಈಗ ಕೇಸರ ಎತ್ತುವಾಗ ಕಣ್ಣು ಮುಚ್ಚುತ್ತೇನೆ, ಉಳಿದಿದೆಯೇ ಎಂದು ನೋಡುವಾಗ ಕನ್ನಡಕ ಏರಿಸುತ್ತೇನೆ. ಗುಂಪಿನವರೂ ಹಾಗೆಯೇ ಕಲಿತಿದ್ದಾರೆ. ಹೊರಗಿನವರು ನೋಡಿದರೆ ಆರು ಹೆಂಗಸರು ನಿಂತಲ್ಲೇ ಜಪ ಮಾಡುತ್ತಿದ್ದಾರೋ ಎಂದುಕೊಂಡಾರು.

ಈ ಚಳಿಗಾಲ ಆ ಇಪ್ಪತ್ತೈದು ಗಿಡಗಳ ಮೊಮ್ಮಕ್ಕಳು ಹೊಲದಲ್ಲಿವೆ. ಅವುಗಳಲ್ಲಿ ಕೆಲವು ಎತ್ತರಕ್ಕೆ ನಿಂತು, ಕೇಸರವನ್ನು ಹೊರಗೆ ತೂಗಿಬಿಟ್ಟು, ಗಾಳಿ ಬಂದರೆ ಹಳದಿ ಹುಡಿ ಹಾರಿಸುತ್ತವೆ. ತಂದೆಯಾಗಲು ಇವು ಯೋಗ್ಯವೋ ಅಲ್ಲವೋ ತಿಳಿಯಲು ಇನ್ನೂ ವರ್ಷಗಳು ಬೇಕಂತೆ. ಆಮೇಲೂ ಬೀಜ ಮಾರಾಟವಾಗುತ್ತದೋ ಇಲ್ಲವೋ, ಸಾಹೇಬರು ಇಂದಿಗೂ ಹೇಳುವುದಿಲ್ಲ. ಗಂಡ ಒಂದು ದಿನ ಬಂದು ನೋಡಿ, ತೆನೆಯೊಂದನ್ನು ಅಂಗೈಯಲ್ಲಿ ತೂಗಿ, "ನೋಡೂಣಂತ," ಎಂದ. ಡಬರಿಯ ಬೀಜ ಬಿಟ್ಟರೆ ಬೇರೆ ಬೀಜವಿಲ್ಲ ಎನ್ನುವವನ ಬಾಯಿಂದ ಇಷ್ಟು ಬಂದದ್ದೇ ಬಹಳ.

ಅಂದು ಉಡಿಯಿಂದ ತೆಗೆದ ಮೀಸೆ ತೆನೆಯನ್ನು ನಾನು ಎಸೆಯಲಿಲ್ಲ. ಒಣಗಿಸಿ, ಮಡಚಿ, ಕನ್ನಡಕದ ಡಬ್ಬಿಯೊಳಗೆ ಇಟ್ಟಿದ್ದೇನೆ. ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕನ್ನಡಕಕ್ಕೆಂದು ಡಬ್ಬಿಗೆ ಕೈ ಹಾಕುತ್ತೇನೆ, ಮೀಸೆ ಬೆರಳಿಗೆ ಚುಚ್ಚುತ್ತದೆ. ಬೆರಳು ಸರಿಯಾಗಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಹೊಲಕ್ಕೆ ಹೋಗುತ್ತೇನೆ.